ಮಗುವಿಗೆ ಯಾವ ಈಜು ಕ್ಲಾಸ್? ಫೀಸ್ ಕೇಳೋ ಮುಂಚೆ ಇದನ್ನ ಕೇಳಿ

ಈ ವಾರ ಮಕ್ಕಳ ಈಜು ಕ್ಲಾಸ್ ಬಗ್ಗೆ ಮಾತಾಡೋಣ. ಕೇಳ್ತಿರೋ ನಿಮ್ಮಲ್ಲಿ ಎಷ್ಟೋ ಜನಕ್ಕೆ ಇನ್ನೂ ಮದುವೆನೇ ಆಗಿಲ್ಲ ಅಂತ ಗೊತ್ತು. ನನಗೂ ಆಗಿಲ್ಲ. ಆದರೆ "ನೀನೇ ಫೋನಲ್ಲಿ ಸ್ವಲ್ಪ ನೋಡಿ ಹೇಳೋ, ಯಾವ ಕ್ಲಾಸ್ ಚೆನ್ನಾಗಿದೆ" ಅಂತ ಅಕ್ಕನೋ ಅತ್ತಿಗೆಯೋ ಕೆಲಸ ಒಪ್ಪಿಸೋದು ನಮ್ಮಂಥವರಿಗೇ ಅಲ್ವಾ?

ನಾನೂ ಹೋದ ವರ್ಷ ಹಾಗೇ ನೋಡಿ ಹೇಳಿದ್ದೆ. ಅಕ್ಕನ ಮಗನಿಗೆ ಆಗ ಆರು ವರ್ಷ. ಮನೆಗೆ ಹತ್ತಿರ, ಫೀಸ್ ಕಮ್ಮಿ, ಒಳ್ಳೇ ರೇಟಿಂಗ್. ಏಪ್ರಿಲ್‌ನಲ್ಲಿ 20 ದಿನದ ಬೇಸಿಗೆ ಶಿಬಿರ ಮುಗಿಸಿದ. ಸರ್ಟಿಫಿಕೇಟ್ ಬಂತು, ಕೊರಳಲ್ಲಿ ಮೆಡಲ್ ಹಾಕಿದ ಫೋಟೊ ಫ್ಯಾಮಿಲಿ ಗ್ರೂಪಲ್ಲಿ ಬಂತು. ಮನೇಲಿ ಎಲ್ಲರ ಬಾಯಲ್ಲೂ ಒಂದೇ ಮಾತು, "ಅವನಿಗೆ ಈಜು ಬರುತ್ತೆ."

ಎರಡು ತಿಂಗಳು ಬಿಟ್ಟು ಎಲ್ಲರೂ ಒಂದು ರೆಸಾರ್ಟ್‌ಗೆ ಹೋದ್ವಿ. ಅವನು ಟ್ಯೂಬ್ ಬಿಟ್ಟು ಪೂಲ್‌ಗೆ ಹಾರಿದ. ನಾಲ್ಕೇ ಅಡಿ ನೀರು, ಆದರೆ ಅವನಿರೋದು ಮೂರೂವರೆ ಅಡಿ. ನಾನು ದಡದಲ್ಲೇ, ಎರಡು ಮಾರು ದೂರದಲ್ಲಿ ಕೂತು ಫೋನ್ ನೋಡ್ತಿದ್ದೆ. ಒಂದು ಸದ್ದೂ ಕೇಳಲಿಲ್ಲ. ತಲೆ ಎತ್ತೋ ಹೊತ್ತಿಗೆ ಪಕ್ಕದಲ್ಲಿದ್ದ ಯಾರೋ ಅವನನ್ನ ಕಂಕುಳಿಗೆ ಕೈ ಹಾಕಿ ಎತ್ತಿದ್ದರು. ಒಂದಷ್ಟು ನೀರು ಕುಡಿದಿದ್ದ, ಅಷ್ಟೇ. ರಾತ್ರಿ ಮಲಗೋ ಮುಂಚೆ ನನಗೆ ಹೇಳಿದ, "ಮಾಮ, ಅಲ್ಲಿ ಬೋರ್ಡ್ ಇರಲಿಲ್ಲ."

ಅಂದರೆ 20 ದಿನ ಅವನು ಕಲಿತಿದ್ದು ಬೋರ್ಡ್ ಹಿಡ್ಕೊಂಡು ಕಾಲು ಬಡಿಯೋದು.

ಒಂದು ವಿಷಯ ಮೊದಲು ತಲೇಲಿ ಇಟ್ಕೊಳಿ. ಮುಳುಗೋ ಮಗು ಸಿನಿಮಾದಲ್ಲಿ ತೋರಿಸೋ ಹಾಗೆ ಕೂಗಲ್ಲ, ಕೈ ಬೀಸಲ್ಲ. ಉಸಿರಿಗೇ ಪುರುಸೊತ್ತಿಲ್ಲದಾಗ ಕೂಗೋದು ಎಲ್ಲಿಂದ? ಬಾಯಿ ನೀರಿನ ಮಟ್ಟದಲ್ಲಿ, ತಲೆ ಹಿಂದಕ್ಕೆ ವಾಲಿ, ಕೈಗಳು ನೀರನ್ನ ಕೆಳಕ್ಕೆ ಒತ್ತುತ್ತಾ ಇರುತ್ತವೆ. ದೂರದಿಂದ ನೋಡಿದರೆ ಆಟ ಆಡ್ತಿದೆ ಅನ್ನಿಸುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರು. ಅದರಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು.

ಹಾಗಾಗಿ ಕ್ಲಾಸ್ ಹುಡುಕೋವಾಗ "ಎಷ್ಟು ದಿನದಲ್ಲಿ ಫ್ರೀಸ್ಟೈಲ್ ಬರುತ್ತೆ" ಅನ್ನೋದು ಮೊದಲ ಪ್ರಶ್ನೆ ಆಗಬಾರದು. ನೀರಿಗೆ ಬಿದ್ದರೆ ಈ ಮಗು ಹೊರಗೆ ಬರುತ್ತಾ? ಅದು ಮೊದಲು. ಅಮೆರಿಕದ ರೆಡ್ ಕ್ರಾಸ್ ಇದಕ್ಕೆ ಐದು ಅಳತೆ ಇಟ್ಟಿದೆ. ತಲೆ ಮುಳುಗೋ ನೀರಿಗೆ ಇಳಿದು ಮತ್ತೆ ಮೇಲೆ ಬರಬೇಕು. ಒಂದು ನಿಮಿಷ ತೇಲಬೇಕು, ಇಲ್ಲಾ ಇದ್ದಲ್ಲೇ ಕೈಕಾಲು ಆಡಿಸಿ ತಲೆ ಮೇಲಿಟ್ಟುಕೊಳ್ಳಬೇಕು. ಒಂದು ಸುತ್ತು ತಿರುಗಿ ದಡ ಯಾವ ಕಡೆ ಅಂತ ನೋಡಬೇಕು. ಅಲ್ಲಿಗೆ 25 ಗಜ, ಅಂದರೆ ಸುಮಾರು 23 ಮೀಟರ್ ಹೋಗಬೇಕು. ಪೂಲ್ ಆದರೆ ಏಣಿ ಇಲ್ಲದೆ ಮೇಲೆ ಹತ್ತಬೇಕು. ಸ್ಟೈಲ್ ಬಗ್ಗೆ ಇದರಲ್ಲಿ ಒಂದು ಮಾತೂ ಇಲ್ಲ, ಗಮನಿಸಿ. ನಮ್ಮ ಹುಡುಗ ಐದರಲ್ಲಿ ಒಂದನ್ನೂ ಕಲಿತಿರಲಿಲ್ಲ.

ಈಗ ವಯಸ್ಸು. ಒಂದು ವರ್ಷದೊಳಗಿನ ಕೂಸಿಗೆ ಈಜು ಕ್ಲಾಸ್‌ನಿಂದ ಮುಳುಗೋ ಅಪಾಯ ಕಮ್ಮಿಯಾಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುತ್ತೆ. ಒಂದರಿಂದ ಮೂರು ವರ್ಷದವರಿಗೆ ಅಪ್ಪನೋ ಅಮ್ಮನೋ ಜೊತೆಗೇ ನೀರಿಗಿಳಿಯೋ ಕ್ಲಾಸ್ ಸರಿ, ನೀರಿನ ಪರಿಚಯ ಆಗುತ್ತೆ. ನಾಲ್ಕು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಹೇಳಿದ್ದು ಕೇಳಿಸಿಕೊಂಡು ಕಲಿಯೋ ಹಂತಕ್ಕೆ ಬಂದಿರ್ತಾರೆ. ಸ್ಪರ್ಧೆಗೆ ತಯಾರು ಮಾಡೋ ಕೋಚಿಂಗ್ ಬೇರೇನೇ ದಾರಿ, ಈಜು ಬಂದ ಮೇಲೆ ಯೋಚನೆ ಮಾಡಿ.

ಉಳಿದಿದ್ದು ಎಲ್ಲರೂ ಕೇಳೋ ಪ್ರಶ್ನೆ: ಗ್ರೂಪ್ ಬ್ಯಾಚಾ, ಪರ್ಸನಲ್ ಕೋಚಾ? ಬಿಕಾಂ ಓದಿದವನು ನಾನು, ಲೆಕ್ಕ ಹಾಕದೆ ಇರೋಕಾಗಲ್ಲ. ಉದಾಹರಣೆಗೆ 15 ಮಕ್ಕಳ ಬ್ಯಾಚ್, ಒಬ್ಬ ಕೋಚ್, 45 ನಿಮಿಷ ಅಂದ್ಕೊಳಿ. ಒಂದು ಮಗುವಿಗೆ ಸಿಗೋ ಗಮನ ಮೂರು ನಿಮಿಷ. 20 ದಿನಕ್ಕೆ 60 ನಿಮಿಷ. ಫೀಸ್ 4,000 ಅಂದರೆ ನಿಮಿಷಕ್ಕೆ ಸುಮಾರು 67 ರೂಪಾಯಿ. ಪರ್ಸನಲ್ ಕ್ಲಾಸ್ ಅರ್ಧ ಗಂಟೆ, ಎಂಟು ಕ್ಲಾಸಿಗೆ 6,000 ಅಂತಿಟ್ಕೊಳಿ. 240 ನಿಮಿಷ, ನಿಮಿಷಕ್ಕೆ 25 ರೂಪಾಯಿ. "ದುಬಾರಿ" ಅಂತ ನಾವು ಬಿಟ್ಟಿದ್ದೇ ಅಗ್ಗವಾಗಿತ್ತು!

ಆದರೆ ಲೆಕ್ಕ ಅಷ್ಟಕ್ಕೇ ಮುಗಿಯಲ್ಲ. ನೀರು ಕಂಡರೆ ಅಳೋ ಮಗು ಇನ್ನೊಂದು ಮಗು ಮುಖ ಮುಳುಗಿಸಿದ್ದನ್ನ ನೋಡಿ ತಾನೂ ಮುಳುಗಿಸುತ್ತೆ. ಕೋಚ್ ನೂರು ಸಲ ಹೇಳಿದರೂ ಆಗದ್ದು ಅದು. ಕೆಲವು ಮಕ್ಕಳು ಒಬ್ಬರೇ ಇದ್ದರೆ ಹದಿನೈದು ನಿಮಿಷಕ್ಕೇ ಸುಸ್ತಾಗಿ ಮೇಲೆ ಹತ್ತಿಬಿಡ್ತಾರೆ. ನನ್ನ ಮಟ್ಟಿಗೆ ಸರಿ ಅನ್ನಿಸೋದು ನಡುವಿನ ದಾರಿ. ನಾಲ್ಕೈದು ಮಕ್ಕಳ ಸಣ್ಣ ಬ್ಯಾಚ್, ಒಂದೇ ವಯಸ್ಸಿನವರು, ವಾರಕ್ಕೆ ಎರಡು ಸಲ, ವರ್ಷದಲ್ಲಿ ಆದಷ್ಟು ತಿಂಗಳು. ಅಪಾರ್ಟ್‌ಮೆಂಟಲ್ಲಿ ಇರೋರು ಎರಡು ಮೂರು ಮನೆಯವರು ಸೇರಿ ಒಬ್ಬ ಕೋಚ್‌ನ ಕರೆಸಬಹುದು. ವಿಪರೀತ ಭಯ ಇರೋ ಮಗುವಿಗೆ, ವಿಶೇಷ ಅಗತ್ಯ ಇರೋ ಮಗುವಿಗೆ ಒಬ್ಬರಿಗೆ ಒಬ್ಬರು ಅನ್ನೋ ಕ್ಲಾಸೇ ಬೇಕಾಗಬಹುದು. ಬೇಸಿಗೆ ಶಿಬಿರ ಪೂರ್ತಿ ವೇಸ್ಟ್ ಅಂತಲ್ಲ, ಅದು ಶುರು ಮಾತ್ರ. ಜೂನ್‌ನಲ್ಲಿ ಮಳೆ, ಚಳಿ, ಸ್ಕೂಲು ಅಂತ ಬಿಟ್ಟರೆ ಮುಂದಿನ ಏಪ್ರಿಲ್‌ಗೆ ಮತ್ತೆ ಬೋರ್ಡೇ ಗತಿ.

ದುಡ್ಡು ಕಟ್ಟೋ ಮುಂಚೆ ಒಂದು ದಿನ ಸುಮ್ಮನೆ ಹೋಗಿ ಕೂತು ನೋಡಿ. ಆರಂಭದ ಮಕ್ಕಳ ಜೊತೆ ಕೋಚ್ ನೀರೊಳಗೆ ಇದ್ದಾರಾ, ದಡದ ಮೇಲೆ ನಿಂತು ವಿಸಿಲ್ ಊದ್ತಿದ್ದಾರಾ? ಕಲಿಸೋರು ಬಿಟ್ಟು, ಕಾಯೋಕೆ ಅಂತಲೇ ಲೈಫ್‌ಗಾರ್ಡ್ ಒಬ್ಬರು ಇದ್ದಾರಾ? ಪೂಲ್ ತಳ ಸ್ಪಷ್ಟವಾಗಿ ಕಾಣುತ್ತಾ? ಅಂದಹಾಗೆ, ಮೂಗಿಗೆ ಹೊಡೆಯೋ ಕ್ಲೋರಿನ್ ವಾಸನೆ ಬಂದರೆ ಕ್ಲೀನಾಗಿದೆ ಅಂತಲ್ಲ. ಕ್ಲೋರಿನ್ ಬೆವರು, ಮೂತ್ರದ ಜೊತೆ ಸೇರಿದಾಗ ಬರೋ ವಾಸನೆ ಅದು. ಅಳೋ ಮಗುವನ್ನ ತಳ್ಳಿ "ಭಯ ಹೋಗುತ್ತೆ ಬಿಡಿ" ಅನ್ನೋ ಜಾಗ ಕಂಡರೆ ಎದ್ದು ಬನ್ನಿ. ತೋಳಿಗೆ ಹಾಕೋ ಗಾಳಿ ಟ್ಯೂಬನ್ನ ಪೂರ್ತಿ ಹೊತ್ತು ಹಾಕಿಸಿದರೂ ಅಷ್ಟೇ. ಅದು ಮಗುವನ್ನ ನೀರಲ್ಲಿ ನೆಟ್ಟಗೆ ನಿಲ್ಲಿಸುತ್ತೆ, ಈಜಬೇಕಾದರೆ ಮೈ ಮಲಗಬೇಕು. ಕೊನೆಗೆ ಇದೊಂದು ಕೇಳಿ: "ಅಂಗಾತ ತೇಲೋದು ಯಾವಾಗ ಕಲಿಸ್ತೀರ?" ಉತ್ತರ "ಅದೆಲ್ಲ ಆಮೇಲೆ" ಅಂತ ಬಂದರೆ ನಿಮಗೆ ಅರ್ಥ ಆಯ್ತಲ್ಲ.

ಪೂಲ್ ಒಂದೇ ಅಲ್ಲ, ನಮ್ಮ ಮಕ್ಕಳು ರಜಕ್ಕೆ ಊರಿಗೂ ಹೋಗ್ತಾರೆ. ನಮ್ಮ ದೊಡ್ಡಪ್ಪನ ತೋಟದಲ್ಲಿ ಕೃಷಿ ಹೊಂಡ ಇದೆ. ಇಳಿಜಾರಿನ ಗೋಡೆ, ಮೇಲೆ ಪ್ಲಾಸ್ಟಿಕ್ ಹಾಳೆ. ನೀರು ತಾಗಿ ಪಾಚಿ ಕಟ್ಟಿದ ಮೇಲೆ ದೊಡ್ಡವರಿಗೇ ಹತ್ತೋಕಾಗಲ್ಲ, ಈಜು ಬಂದರೂ. ದೊಡ್ಡಪ್ಪನ ಕಾಲದಲ್ಲಿ ಬೆನ್ನಿಗೆ ಬೆಂಡು ಕಟ್ಟಿ, ಸೊಂಟಕ್ಕೆ ಹಗ್ಗ ಕಟ್ಟಿ ಬಾವೀಲಿ ಕಲಿಸ್ತಿದ್ದರು. ಹಗ್ಗದ ಇನ್ನೊಂದು ತುದಿ ಯಾವಾಗಲೂ ದೊಡ್ಡವರ ಕೈಲಿ ಇರ್ತಿತ್ತು. ಬಾಂಗ್ಲಾದೇಶದಲ್ಲಿ ಸ್ವಿಮ್‌ಸೇಫ್ ಅನ್ನೋ ಕಾರ್ಯಕ್ರಮದಲ್ಲಿ ಊರ ಕೊಳಗಳಲ್ಲೇ ಬಿದಿರಿನ ಅಟ್ಟಣಿಗೆ ಕಟ್ಟಿ, ನಾಲ್ಕು ವರ್ಷ ದಾಟಿದ ಮಕ್ಕಳಿಗೆ ಕಲಿಸಿದರು. 25 ಮೀಟರ್ ಈಜೋದು, 30 ಸೆಕೆಂಡ್ ತೇಲೋದು, ಜೊತೆಗೆ ಬಿದ್ದವರನ್ನ ತಾನು ನೀರಿಗೆ ಇಳಿಯದೆ ಕಾಪಾಡೋದು. ಕಲಿತ ಮಕ್ಕಳಲ್ಲಿ ಮುಳುಗಿ ಸಾಯೋದು ಶೇ 90ಕ್ಕಿಂತ ಜಾಸ್ತಿ ಕಮ್ಮಿಯಾಗಿತ್ತು ಅಂತ 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತೆ. ನಮ್ಮ ಕಡೆ ಒಬ್ಬ ಬಿದ್ದ, ಎತ್ತೋಕೆ ಹೋದ ಇನ್ನೊಬ್ಬನೂ ಹೋದ ಅನ್ನೋ ಸುದ್ದಿ ಪ್ರತಿ ಬೇಸಿಗೆ ಓದ್ತೀವಿ. ಕೂಗು ಹಾಕು, ಕೋಲು ಚಾಚು, ಹಗ್ಗ ಇಲ್ಲಾ ಖಾಲಿ ಕ್ಯಾನ್ ಎಸೆ, ನೀನು ಇಳೀಬೇಡ. ಇದನ್ನ ಯಾವ ಕ್ಲಾಸ್‌ನಲ್ಲಾದರೂ ಕಲಿಸ್ತಿದ್ದರೆ ನಾನು ಎರಡು ಕಿಲೋಮೀಟರ್ ದೂರ ಆದರೂ ಅಲ್ಲಿಗೇ ಸೇರಿಸ್ತೀನಿ.

ಕ್ಲಾಸ್ ಎಷ್ಟೇ ಚೆನ್ನಾಗಿರಲಿ, ಪುಟ್ಟ ಮಗು ನೀರಲ್ಲಿದ್ದಾಗ ಒಬ್ಬರು ಕೈಗೆಟಕೋ ದೂರದಲ್ಲಿ ಇರಬೇಕು, ಫೋನ್ ಬ್ಯಾಗಲ್ಲಿ ಇರಬೇಕು. ಇದನ್ನ ಹೇಳೋ ಯೋಗ್ಯತೆ ನನಗಿಲ್ಲ, ಆದರೂ ಹೇಳ್ತಿದ್ದೀನಿ.

ಅಕ್ಕ ಈ ಸಲ ನನ್ನನ್ನ ಕೇಳಲಿಲ್ಲ. ತಾನೇ ಮೂರು ಕಡೆ ಹೋಗಿ ಕೂತು ನೋಡಿ, ಐದು ಮಕ್ಕಳ ಒಂದು ಬ್ಯಾಚ್‌ಗೆ ಸೇರಿಸಿದ್ದಾಳೆ. ಶನಿವಾರದ ಡ್ಯೂಟಿ ನಂದು. ಹೋದ ವಾರ ಅಂಗಾತ 22 ಸೆಕೆಂಡ್ ತೇಲಿದ, ಎಣಿಸಿದ್ದು ನಾನೇ. ಮುಂದಿನ ವಾರ ಶರ್ಟು ಚಡ್ಡಿ ಹಾಕ್ಕೊಂಡೇ ನೀರಿಗೆ ಇಳಿಸ್ತಾರಂತೆ. ಹಳೇ ಬಟ್ಟೆ ತನ್ನಿ ಅಂದಿದ್ದಾರೆ.