ಸುಟ್ಟ ಕೃತಿಯ ಉಳಿದ ಸ್ವರಗಳು: ಜಾನ್ ಸ್ಟೋರ್ಗೋರ್ಡ್ಸ್ ಅವರ ಸಿಬೇಲಿಯಸ್ ಧ್ವನಿಮುದ್ರಿಕೆಗಳು

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಕೃತಿಯು ಮೊದಲು ಲಿಖಿತ ರೂಪದಲ್ಲಿ ನೆಲೆಗೊಳ್ಳುತ್ತದೆ. ಒಂದೊಂದು ವಾದ್ಯವೂ ನುಡಿಸತಕ್ಕ ಸ್ವರಗಳನ್ನು ರಚನಕಾರನು ಸಾಲುಸಾಲಾಗಿ ಬರೆದಿಡುವ ಗ್ರಂಥವೇ ಸ್ವರಪ್ರತಿ. ವಾದ್ಯವೃಂದದ ನಿರ್ದೇಶಕನು ಅದನ್ನು ಓದಿ, ಅದರ ಅಭಿಪ್ರಾಯವನ್ನು ನಿಶ್ಚಯಿಸಿಕೊಂಡು, ಅನೇಕ ವಾದಕರ ಮೂಲಕ ಅದನ್ನು ನಾದವಾಗಿಸುತ್ತಾನೆ. ಆದುದರಿಂದ ಸ್ವರಪ್ರತಿಗೂ ಕಾವ್ಯದ ಹಸ್ತಪ್ರತಿಗೂ ಹತ್ತಿರದ ಸಾಮ್ಯವುಂಟು. ಎರಡರಲ್ಲಿಯೂ ಪಾಠಭೇದಗಳುಂಟು, ತಿದ್ದುಪಡಿಗಳುಂಟು, ಲುಪ್ತವಾದ ಪುಟಗಳುಂಟು. ಹೀಗಿರುವಲ್ಲಿ, ರಚನಕಾರನು ತಾನೇ ಬೆಂಕಿಗೆ ಹಾಕಿದ ಕೃತಿಯೊಂದರ ಚೂರುಗಳು ಎಲ್ಲಿಯೋ ಉಳಿದುಕೊಂಡಿದ್ದರೆ ಅವನ್ನು ಲೋಕಕ್ಕೆ ಕೇಳಿಸುವುದು ಯುಕ್ತವೇ ಎಂಬ ಪ್ರಶ್ನೆ ಸಂಗೀತಗಾರರಿಗೆ ಮಾತ್ರವಲ್ಲ, ಗ್ರಂಥಸಂಪಾದಕರಿಗೂ ಸಂಬಂಧಪಟ್ಟುದಾಗಿದೆ. ಫಿನ್ಲೆಂಡಿನ ಪಿಟೀಲುವಾದಕರೂ ವಾದ್ಯವೃಂದ ನಿರ್ದೇಶಕರೂ ಆದ ಜಾನ್ ಸ್ಟೋರ್ಗೋರ್ಡ್ಸ್ ಅವರ ಧ್ವನಿಮುದ್ರಿಕೆಗಳು ಈ ಪ್ರಶ್ನೆಗೆ ವಿಚಾರಾರ್ಹವಾದ ಒಂದು ಉತ್ತರವನ್ನು ಕೊಡುತ್ತವೆ.

ಸ್ಟೋರ್ಗೋರ್ಡ್ಸ್ ಅವರು ೧೯೬೩ರಲ್ಲಿ ಹೆಲ್ಸಿಂಕಿ ನಗರದಲ್ಲಿ ಜನಿಸಿದರು. ಮೊದಲು ಅವರು ಪಿಟೀಲುವಾದಕರೆಂದು ಪ್ರಸಿದ್ಧರಾಗಿ, ಸ್ವೀಡನ್ನಿನ ಆಕಾಶವಾಣಿಯ ವಾದ್ಯವೃಂದದಲ್ಲಿ ಪಿಟೀಲು ವಾದಕರಿಗೆ ಮುಖ್ಯಸ್ಥರಾಗಿದ್ದರು. ಅನಂತರ ಯೋರ್ಮಾ ಪಾನುಲಾ, ಎರಿ ಕ್ಲಾಸ್ ಎಂಬ ಗುರುಗಳಲ್ಲಿ ನಿರ್ದೇಶನವಿದ್ಯೆಯನ್ನು ಅಭ್ಯಾಸಮಾಡಿ, ೨೦೦೮ರಿಂದ ೨೦೧೫ರವರೆಗೆ ಹೆಲ್ಸಿಂಕಿ ಫಿಲ್ಹಾರ್ಮೋನಿಕ್ ವಾದ್ಯವೃಂದದ ಪ್ರಧಾನ ನಿರ್ದೇಶಕರಾಗಿ ಕೆಲಸಮಾಡಿದರು. ಲಾತ್ವಿಯಾ ದೇಶದ ಪೇಟೆರಿಸ್ ವಾಸ್ಕ್ಸ್ ಅವರ ಕೃತಿಗಳ ಒಂದು ಮುದ್ರಿಕೆಯಲ್ಲಿ ಅವರ ಎರಡು ವಿದ್ಯೆಗಳೂ ಒಟ್ಟಿಗೆ ಕಾಣುತ್ತವೆ. ಅದರ ಪಿಟೀಲು ಕನ್ಚರ್ಟೊದಲ್ಲಿ ಅವರು ಏಕವಾದಕರು, ಸಿಂಫೊನಿಯಲ್ಲಿ ನಿರ್ದೇಶಕರು. ವಾದಕನು ತನ್ನ ಒಂದು ಸಾಲನ್ನು ಅಕ್ಷರಶಃ ಬಲ್ಲವನು; ನಿರ್ದೇಶಕನು ಎಲ್ಲ ಸಾಲುಗಳ ಸಂಬಂಧವನ್ನು ತೂಗತಕ್ಕವನು. ಅಪೂರ್ಣವಾದ ಸ್ವರಪ್ರತಿಯನ್ನು ಕೈಗೆತ್ತಿಕೊಳ್ಳುವವನಿಗೆ ಈ ಎರಡು ಬಗೆಯ ಓದೂ ಆವಶ್ಯಕವೆಂಬುದು ಮುಂದೆ ಸ್ಪಷ್ಟವಾಗುವುದು.

ಫಿನ್ಲೆಂಡಿನ ಸಂಗೀತದಲ್ಲಿ ಅಗ್ರಗಣ್ಯನಾದ ಜಾನ್ ಸಿಬೇಲಿಯಸನು (೧೮೬೫–೧೯೫೭) ಏಳು ಸಿಂಫೊನಿಗಳನ್ನು ರಚಿಸಿದನು. ಇವುಗಳ ಧ್ವನಿಮುದ್ರಣದ ಚರಿತ್ರೆ ರಾಬರ್ಟ್ ಕಾಯಾನುಸನಿಂದ ಪ್ರಾರಂಭವಾಗುತ್ತದೆಂದು ಹೇಳಬಹುದು. ಹೆಲ್ಸಿಂಕಿಯ ವಾದ್ಯವೃಂದವನ್ನು ೧೮೮೨ರಲ್ಲಿ ಸ್ಥಾಪಿಸಿದವನೂ, ಸಿಬೇಲಿಯಸನ ಮಿತ್ರನೂ ಆದ ಈತನು ಫಿನ್ಲೆಂಡ್ ಸರ್ಕಾರದ ಸಹಾಯದಿಂದ ೧೯೩೦ರಲ್ಲಿ ಲಂಡನ್ನಿಗೆ ಹೋಗಿ ಮೊದಲನೆಯ ಮತ್ತು ಎರಡನೆಯ ಸಿಂಫೊನಿಗಳನ್ನು ಮುದ್ರಿಸಿದನು, ೧೯೩೨ರಲ್ಲಿ ಮೂರನೆಯದನ್ನೂ ಐದನೆಯದನ್ನೂ ಮುದ್ರಿಸಿದನು, ೧೯೩೩ರಲ್ಲಿ ತೀರಿಕೊಂಡನು. ಆಗಿನ ಅರಗಿನ ತಟ್ಟೆಗಳ ಒಂದು ಮೈಯಲ್ಲಿ ನಾಲ್ಕೈದು ನಿಮಿಷಗಳ ಸಂಗೀತ ಮಾತ್ರ ಹಿಡಿಯುತ್ತಿತ್ತು. ದೀರ್ಘವಾದ ಕೃತಿಯನ್ನು ತುಂಡುತುಂಡಾಗಿ ನುಡಿಸಬೇಕಾಗಿದ್ದರೂ ಆ ಮುದ್ರಿಕೆಗಳಿಗೆ ಇಂದಿಗೂ ವಿಶೇಷ ಪ್ರಾಮಾಣ್ಯವುಂಟು. ರಚನಕಾರನು ಬದುಕಿದ್ದನು; ನಿರ್ದೇಶಕನಲ್ಲಿ ಅವನಿಗೆ ವಿಶ್ವಾಸವಿತ್ತು. ಕವಿಯು ಒಪ್ಪಿದ ಪಾಠಕ್ಕೆ ಯಾವ ಬೆಲೆಯೋ ಆ ಬೆಲೆಯೇ ಅವಕ್ಕೆ ಸಲ್ಲುತ್ತದೆ.

ಕಾಯಾನುಸನು ಹೀಗೆ ಹಿಂದಿನ ಸಿಂಫೊನಿಗಳನ್ನು ಮುದ್ರಿಸುತ್ತಿದ್ದ ವರ್ಷಗಳಲ್ಲಿಯೇ ಸಿಬೇಲಿಯಸನು ಎಂಟನೆಯದನ್ನು ಬರೆಯುತ್ತಿದ್ದನು. ಏಳನೆಯ ಸಿಂಫೊನಿ ೧೯೨೪ರಲ್ಲಿಯೂ, ‘ಟಾಪಿಯೋಲ’ ಎಂಬ ನಾದಕಾವ್ಯವು ೧೯೨೬ರಲ್ಲಿಯೂ ಪೂರ್ಣವಾಗಿದ್ದವು. ಎಂಟನೆಯದನ್ನು ಮೊದಲು ಬಾಸ್ಟನ್ನಿನಲ್ಲಿ ನುಡಿಸಬೇಕೆಂದು ಅಲ್ಲಿಯ ನಿರ್ದೇಶಕನಾದ ಸರ್ಗೆಯ್ ಕುಸೆವಿಟ್ಸ್ಕಿಯು ಕಾದಿದ್ದನು. ಪೌಲ್ ವೋಯಿಗ್ಟ್ ಎಂಬ ಲಿಪಿಕಾರನು ೧೯೩೩ರಲ್ಲಿ ಅದರ ಮೊದಲನೆಯ ಭಾಗದ ೨೩ ಪುಟಗಳನ್ನು ಶುದ್ಧಪ್ರತಿ ಮಾಡಿಕೊಟ್ಟನೆಂಬುದು ಉಳಿದಿರುವ ಪತ್ರಗಳಿಂದ ತಿಳಿದುಬರುತ್ತದೆ. ಆದರೆ ಕೃತಿಯು ಹೊರಬೀಳಲಿಲ್ಲ. ಸಾವಿರದ ಒಂಬೈನೂರ ನಲವತ್ತರ ದಶಕದಲ್ಲಿ ಸಿಬೇಲಿಯಸನು ಯಾರ್ವೆನ್‌ಪಾ ಗ್ರಾಮದ ತನ್ನ ಮನೆ ‘ಐನೋಲಾ’ದಲ್ಲಿ ಅನೇಕ ಹಸ್ತಪ್ರತಿಗಳನ್ನು ಬಟ್ಟೆಯ ಬುಟ್ಟಿಯೊಂದರಲ್ಲಿ ತುಂಬಿ ಊಟದ ಕೋಣೆಯ ಅಗ್ಗಿಷ್ಟಿಕೆಗೆ ಹಾಕಿದನೆಂದೂ, ತಾನು ಅದನ್ನು ನಿಂತು ನೋಡಲಾರದೆ ಹೋದೆನೆಂದೂ, ಆಮೇಲೆ ಅವನ ಮನಸ್ಸು ಹಗುರವಾಯಿತೆಂದೂ ಪತ್ನಿಯಾದ ಐನೋ ಮುಂದೆ ತಿಳಿಸಿದಳು. ಎಂಟನೆಯ ಸಿಂಫೊನಿಯ ಪ್ರತಿಯೂ ಆಗಲೇ ಭಸ್ಮವಾಯಿತೆಂದು ವಿದ್ವಾಂಸರು ನಂಬುತ್ತಾರೆ.

ಆದರೂ ಎಲ್ಲವೂ ನಾಶವಾಗಲಿಲ್ಲ. ಸಿಬೇಲಿಯಸನ ಕುಟುಂಬದವರು ೧೯೮೨ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರಕ್ಕೆ ಒಪ್ಪಿಸಿದ ಹಸ್ತಪ್ರತಿಗಳ ರಾಶಿಯಲ್ಲಿ ಅವನ ಕಡೆಗಾಲದ ಕರಡುಗಳು ಕೆಲವಿದ್ದವು. ಕರಡುಗಳಲ್ಲಿ ಹೆಚ್ಚಿನವು ಒಂದೇ ಸಾಲಿನ ಟಿಪ್ಪಣಿಗಳು. ಅವುಗಳಿಂದ ವಾದ್ಯವೃಂದದ ಧ್ವನಿಯನ್ನು ಊಹಿಸುವುದು ಸಾಧ್ಯವಲ್ಲ. ಸಿಬೇಲಿಯಸನ ಸಮಗ್ರ ಕೃತಿಗಳ ಪರಿಷ್ಕೃತ ಸಂಪುಟಗಳ ಸಂಪಾದನೆಯಲ್ಲಿ ನಿರತರಾದ ತಿಮೊ ವಿರ್ಟಾನೆನ್ ಅವರು ಈ ರಾಶಿಯನ್ನು ಪರಿಶೀಲಿಸಿ, ವಾದ್ಯಗಳ ವಿನಿಯೋಗ ತಕ್ಕಷ್ಟು ಸ್ಪಷ್ಟವಾಗಿರುವ ಮೂರು ಖಂಡಗಳನ್ನು ಗುರುತಿಸಿದರು. ಹೆಲ್ಸಿಂಕಿ ಫಿಲ್ಹಾರ್ಮೋನಿಕ್ ವೃಂದವು ೨೦೧೧ರ ಅಕ್ಟೋಬರಿನಲ್ಲಿ ಸ್ಟೋರ್ಗೋರ್ಡ್ಸ್ ಅವರ ನಿರ್ದೇಶನದಲ್ಲಿ ಇವನ್ನು ನುಡಿಸಿತು. ಮೂರೂ ಕೂಡಿ ಮೂರು ನಿಮಿಷಗಳಿಗೂ ಕಡಮೆ. ಕಾಯಾನುಸನು ಸ್ಥಾಪಿಸಿದ ವೃಂದವೇ, ಸಿಬೇಲಿಯಸನ ಸಿಂಫೊನಿಗಳಲ್ಲಿ ಹೆಚ್ಚಿನವನ್ನು ಲೋಕಕ್ಕೆ ಮೊದಲು ಕೇಳಿಸಿದ ವೃಂದವೇ, ಈ ಚೂರುಗಳಿಗೂ ದನಿ ಕೊಟ್ಟಿತು.

ಸ್ಟೋರ್ಗೋರ್ಡ್ಸ್ ಅವರು ಇಂಗ್ಲೆಂಡಿನ ಬಿಬಿಸಿ ಫಿಲ್ಹಾರ್ಮೋನಿಕ್ ವೃಂದದೊಡನೆ ಏಳು ಸಿಂಫೊನಿಗಳನ್ನೂ ಮುದ್ರಿಸಿದರು. ಚಾಂಡೋಸ್ ಸಂಸ್ಥೆಯು ೨೦೧೪ರಲ್ಲಿ ಅವನ್ನು ಮೂರು ತಟ್ಟೆಗಳಾಗಿ ಪ್ರಕಟಿಸಿತು. ಅದರಲ್ಲಿ ಈ ಖಂಡಗಳಿಗೂ ಸ್ಥಾನ ದೊರೆಯಿತು. ಇಲ್ಲಿ ಗಮನಿಸತಕ್ಕ ಸಂಗತಿಗಳು ಎರಡು. ಮೊದಲನೆಯದು ಹೆಸರು. ತಟ್ಟೆಯ ಮೇಲೆ ಇವನ್ನು ‘ಎಂಟನೆಯ ಸಿಂಫೊನಿ’ ಎಂದು ಕರೆದಿಲ್ಲ. ‘ಕಡೆಗಾಲದ ಮೂರು ಖಂಡಗಳು’ ಎಂಬ ಅರ್ಥದ ಹೆಸರು ಕೊಟ್ಟು, ಪುಸ್ತಕಭಂಡಾರದ ಹಸ್ತಪ್ರತಿ ಸಂಖ್ಯೆಗಳನ್ನು ಸೂಚಿಸಿದೆ. ಇವು ಎಂಟನೆಯ ಸಿಂಫೊನಿಗೆ ಸೇರಿದುವೆಂದು ಊಹಿಸಲು ಕಾರಣಗಳಿದ್ದರೂ ಅದು ಸಿದ್ಧವಾದ ವಿಷಯವಲ್ಲ. ಊಹೆಗೆ ಊಹೆಯ ಸ್ಥಾನವನ್ನೇ ಕೊಟ್ಟಿರುವುದು ಸಂಪಾದನಧರ್ಮಕ್ಕೆ ಅನುಗುಣವಾಗಿದೆ. ಎರಡನೆಯದು ತೆರಪು. ಖಂಡಖಂಡಗಳ ನಡುವೆ ಹೊಸದಾಗಿ ಏನನ್ನೂ ರಚಿಸಿ ಬೆಸೆದಿಲ್ಲ. ಓಲೆ ಮುರಿದ ಕಡೆಯಲ್ಲಿ ಚುಕ್ಕಿಗಳನ್ನಿಟ್ಟು ಮುಂದೆ ಸಾಗುವ ಸಂಪಾದಕನಂತೆ, ಸ್ವರ ನಿಂತಲ್ಲಿ ವೃಂದವೂ ನಿಲ್ಲುತ್ತದೆ. ಇಂಥ ಕಡೆಯಲ್ಲಿ ನಿರ್ದೇಶಕನ ಕಷ್ಟ ಸಾಮಾನ್ಯವಲ್ಲ. ಪೂರ್ಣಕೃತಿಯಲ್ಲಿ ಒಂದು ವಾಕ್ಯದ ಗತಿಯನ್ನು ಅದರ ಹಿಂದುಮುಂದುಗಳಿಂದ ನಿರ್ಣಯಿಸಬಹುದು. ಖಂಡದಲ್ಲಿ ಹಿಂದೂ ಇಲ್ಲ, ಮುಂದೂ ಇಲ್ಲ. ಒಂದೊಂದು ಸಾಲನ್ನೂ ಅದರೊಳಗಿನ ಸಾಕ್ಷ್ಯದಿಂದಲೇ ನುಡಿಸಬೇಕಾಗುತ್ತದೆ.

ಇದಕ್ಕೆ ಪ್ರಬಲವಾದ ಆಕ್ಷೇಪವೊಂದುಂಟು. ಸಿಬೇಲಿಯಸನು ಬೆಂಕಿಗೆ ಹಾಕಿದುದು ಅಜಾಗರೂಕತೆಯಿಂದಲ್ಲ, ತನ್ನ ಹಿಂದಣ ಕೃತಿಗಳಿಗೆ ಇದು ಸಮನಲ್ಲವೆಂಬ ತೀರ್ಮಾನದಿಂದ. ಅವನು ತ್ಯಜಿಸಿದುದನ್ನು ಹೆಕ್ಕಿ ತೆಗೆಯುವುದು ಅವನ ಇಚ್ಛೆಗೆ ವಿರೋಧವಲ್ಲವೇ? ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಆದರೆ ಸ್ಟೋರ್ಗೋರ್ಡ್ಸ್ ಅವರು ಪಿಟೀಲುವಾದಕರಾಗಿ ಮುದ್ರಿಸಿರುವ ಮತ್ತೊಂದು ಕೃತಿಯ ಚರಿತ್ರೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಜರ್ಮನಿಯ ರಾಬರ್ಟ್ ಶೂಮನ್ನನು ೧೮೫೩ರಲ್ಲಿ ಪಿಟೀಲು ಕನ್ಚರ್ಟೊ ಒಂದನ್ನು ಬರೆದನು. ಅವನ ಮರಣಾನಂತರ ಪತ್ನಿ ಕ್ಲಾರಾಳೂ ಮಿತ್ರನಾದ ಯೋಆಹಿಮನೂ ಅದು ಅವನ ಕೀರ್ತಿಗೆ ಕುಂದೆಂದು ಭಾವಿಸಿ ಪ್ರಕಟಿಸದೆ ಇಟ್ಟರು. ಹಸ್ತಪ್ರತಿ ಬರ್ಲಿನ್ನಿನ ಪುಸ್ತಕಭಂಡಾರ ಸೇರಿ, ೧೯೩೭ರಲ್ಲಿ ಮಾತ್ರ ಲೋಕದ ಕಿವಿಗೆ ಬಿದ್ದಿತು. ಇಂದು ಅದು ಶೂಮನ್ನನ ಗಣ್ಯಕೃತಿಗಳ ಸಾಲಿನಲ್ಲಿದೆ. ಮುಚ್ಚಿಟ್ಟವರ ಪ್ರೀತಿ ನಿಜವಾದುದಾದರೂ ಅವರ ತೀರ್ಪು ಕಾಲದ ಮುಂದೆ ನಿಲ್ಲಲಿಲ್ಲ. ಇವೆರಡು ಸಂದರ್ಭಗಳಿಗೆ ಭೇದವೂ ಉಂಟು: ಶೂಮನ್ನನ ಕೃತಿ ಪೂರ್ಣವಾಗಿತ್ತು, ಮುಚ್ಚಿಟ್ಟವರು ಅನ್ಯರು, ಸಿಬೇಲಿಯಸನ ಕೃತಿ ಚೂರಾಗಿದೆ, ಸುಟ್ಟವನು ಸ್ವಯಂ ಕರ್ತೃ. ಮೊದಲನೆಯದನ್ನು ಕೃತಿಯೆಂದೇ ನುಡಿಸಬಹುದು. ಎರಡನೆಯದನ್ನು ಸಾಕ್ಷ್ಯವೆಂದು ಮಾತ್ರ ನುಡಿಸಬಹುದು.

ಈ ವಿವೇಚನೆಯಲ್ಲಿಯೇ ೨೦೧೪ರ ಮುದ್ರಿಕೆಯ ಮೌಲ್ಯವಿದೆ. ಅದು ಸಿಬೇಲಿಯಸನಿಗೆ ಎಂಟನೆಯ ಸಿಂಫೊನಿಯೊಂದನ್ನು ಆರೋಪಿಸುವುದಿಲ್ಲ. ಅವನು ಸುಟ್ಟುದನ್ನು ಪುನಃ ಕಟ್ಟಿದೆವೆಂದು ಹೇಳಿಕೊಳ್ಳುವುದಿಲ್ಲ. ‘ಟಾಪಿಯೋಲ’ದ ಅನಂತರ ರಚನಕಾರನ ಲೇಖನಿ ಬತ್ತಿಹೋಯಿತೆಂದು ಬಹುಕಾಲ ಹೇಳುತ್ತಿದ್ದ ಮಾತನ್ನು ಮಾತ್ರ ಅದು ಪರೀಕ್ಷೆಗೆ ಒಡ್ಡುತ್ತದೆ. ಖಂಡಗಳಲ್ಲಿ ಕೇಳಿಬರುವ ಕಟುವಾದ, ಅನಿರೀಕ್ಷಿತವಾದ ಸ್ವರಮೇಳಗಳು, ಅವನು ಹೊಸ ದಾರಿಯೊಂದನ್ನು ಹುಡುಕುತ್ತಿದ್ದನೆಂಬುದಕ್ಕೆ ಸಾಕ್ಷಿಯಾಗಿವೆ. ಬರಿಯ ಹಸ್ತಪ್ರತಿಯಾಗಿದ್ದರೆ ಈ ಸಾಕ್ಷ್ಯವು ಸ್ವರಲಿಪಿ ಬಲ್ಲ ಕೆಲವೇ ವಿದ್ವಾಂಸರ ಪಾಲಾಗಿರುತ್ತಿತ್ತು. ತಟ್ಟೆಯಲ್ಲಿ ಅದು ಸರ್ವರಿಗೂ ಪರೀಕ್ಷ್ಯವಾಗಿದೆ. ಕರ್ತೃವಿನ ನಿರಾಕರಣೆಯನ್ನು ಮರೆಮಾಡದೆ, ಉಳಿದುದನ್ನು ಉಳಿದಷ್ಟೇ ತೋರಿಸುವುದಾದರೆ, ತ್ರುಟಿತವಾದ ಪಾಠವನ್ನು ಪ್ರಕಟಿಸುವುದರಲ್ಲಿ ದೋಷವಿಲ್ಲವೆಂಬ ನಿರ್ಣಯಕ್ಕೆ ಈ ಮೂರು ನಿಮಿಷಗಳ ಸಂಗೀತವು ಆಧಾರವನ್ನು ಒದಗಿಸುತ್ತದೆ.