ಯೆಜ್ಡಿಯ ಉಸಿರು

ಮೈಸೂರಿನಲ್ಲಿ 1961ರಲ್ಲಿ ತಯಾರಿಕೆಯನ್ನಾರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಹೆಸರನ್ನು ಕೇಳದವರು ನಮ್ಮ ಸೀಮೆಯಲ್ಲಿ ವಿರಳ. ಜಾವಾ ಎಂಬುದು ದ್ವೀಪದ ಹೆಸರೆಂದೇ ನಂಬಿದವರುಂಟು. ವಾಸ್ತವವಾಗಿ ಅದು ಯಾನೆಚೆಕ್ ಎಂಬ ಚೆಕ್ ಉದ್ಯಮಿಯ ಹೆಸರಿನ ಆದಿಭಾಗವೂ ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಹೆಸರಿನ ಆದಿಭಾಗವೂ 1929ರಲ್ಲಿ ಕೂಡಿ ಆದ ಪದ. ಅದು ಯಾವ ಸಂಧಿಯೆಂಬುದನ್ನು ವೈಯಾಕರಣರು ನಿರ್ಧರಿಸಲಿ. ಆ ಕಾರ್ಖಾನೆಯಿಂದ ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದ ವಾಹನಗಳು ಇಂದಿಗೂ ನಮ್ಮ ಬೀದಿಗಳಲ್ಲಿ ಹೊಗೆಯುಗುಳುತ್ತ ಓಡುತ್ತಿವೆ.

ಇಂಥ ಹಳೆಯ ಯೆಜ್ಡಿಯೊಂದು ತರುಣನ ಕೈಗೆ ಬಂದೊಡನೆ ಎರಡು ಸಂಸ್ಕಾರಗಳು ನಡೆಯುತ್ತವೆ. ಏರ್ ಫಿಲ್ಟರಿನ ಪೆಟ್ಟಿಗೆಯನ್ನು ಕಿತ್ತು ಬಯಲು ಬಾಯಿಯ ಫಿಲ್ಟರನ್ನು ಕೂಡಿಸುವುದು ಒಂದು. ಸೈಲೆನ್ಸರನ್ನು ತೆಗೆದು ಗರ್ಜಿಸುವ ಕೊಳವೆಯನ್ನು ತೊಡಿಸುವುದು ಇನ್ನೊಂದು. (ಎರಡನೆಯದಕ್ಕೆ ಪೋಲೀಸರ ಅನುಗ್ರಹವೂ ದೊರೆಯುವುದುಂಟು.) ಆಮೇಲೆ ಗಾಡಿ ಸದ್ದು ಮಾಡುತ್ತದೆ, ಓಡುವುದಿಲ್ಲ. ಆಕ್ಸಿಲರೇಟರ್ ತಿರುಗಿಸಿದರೆ ಮುಗ್ಗರಿಸುತ್ತದೆ, ಕಾರ್ಬುರೇಟರಿನೊಳಗೆ ಸೀನುತ್ತದೆ.

ಕಾರಣ ಸರಳ. ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದ ಲೆಕ್ಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಕಾರ್ಖಾನೆಯವರು ಪೆಟ್ಟಿಗೆ, ಕೊಳವೆ, ಜೆಟ್ಟಿನ ರಂಧ್ರ ಇವೆಲ್ಲವನ್ನೂ ಒಂದಕ್ಕೊಂದು ಹೊಂದಿಸಿರುತ್ತಾರೆ. ಗಾಳಿಯ ದಾರಿ ಅಗಲವಾಗಿ ಪೆಟ್ರೋಲಿನ ದಾರಿ ಮೊದಲಿನಷ್ಟೇ ಉಳಿದರೆ ಮಿಶ್ರಣ ತೆಳುವಾಗುತ್ತದೆ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿಯೂ ಇದು ಕೆಡುಕೇ. ಆದರೆ ಎರಡು ಹೊಡೆತದ ಯೆಜ್ಡಿಯಲ್ಲಿ ಪಿಸ್ಟನ್ನಿಗೆ ಸವರುವ ಎಣ್ಣೆಯೂ ಪೆಟ್ರೋಲಿನೊಡನೆಯೇ ಬರುತ್ತದೆಯಾದ್ದರಿಂದ ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಬಿಸಿ ಏರುತ್ತದೆ, ಪಿಸ್ಟನ್ ಹಿಗ್ಗಿ ಕಚ್ಚಿಕೊಳ್ಳುತ್ತದೆ. ವೇಗದಲ್ಲಿ ಎಂಜಿನ್ ಹಾಗೆ ಸೀಜ್ ಆದರೆ ಹಿಂದಿನ ಚಕ್ರವೇ ನಿಂತುಬಿಡುತ್ತದೆ. ಆ ಕ್ಷಣದಲ್ಲಿ ಕ್ಲಚ್ಚನ್ನು ಹಿಡಿಯುವ ಎಚ್ಚರವಿಲ್ಲದ ಸವಾರ ರಸ್ತೆಯ ಪಾಲು. ಹಳೆಯ ಸವಾರರು ಎರಡು ಬೆರಳನ್ನು ಸದಾ ಕ್ಲಚ್ಚಿನ ಮೇಲಿಟ್ಟಿರುವುದು ಶೋಕಿಗಲ್ಲ.

ಹೆದರಿದ ಮಾಲೀಕ ಸಾಮಾನ್ಯವಾಗಿ ಪೆಟ್ರೋಲಿಗೆ ಇನ್ನಷ್ಟು ಎಣ್ಣೆ ಸುರಿಯುತ್ತಾನೆ. ಇಲ್ಲೊಂದು ವಿಚಿತ್ರವಿದೆ. ಜೆಟ್ಟಿನ ರಂಧ್ರದಲ್ಲಿ ಬರುವ ದ್ರವದಲ್ಲಿ ಎಣ್ಣೆಯ ಪಾಲು ಹೆಚ್ಚಿದಷ್ಟೂ ಪೆಟ್ರೋಲಿನ ಪಾಲು ತಗ್ಗುತ್ತದೆ. ಮಿಶ್ರಣ ಇನ್ನೂ ತೆಳುವಾಗುತ್ತದೆ. ಹೊಗೆ ದಟ್ಟವಾದುದನ್ನು ಕಂಡು ಅವನು ಸಮಾಧಾನಪಡುತ್ತಾನಷ್ಟೆ.

ಬಲ್ಲ ಮಿಸ್ತ್ರಿ ಜೆಟ್ಟಿಗೆ ಕೈಹಾಕುವ ಮೊದಲು ಬೇರೆ ಕಡೆ ನೋಡುತ್ತಾನೆ. ಟ್ಯಾಂಕಿನ ನಲ್ಲಿಯಲ್ಲಿ ಕಸವಿದೆಯೇ, ಫ್ಲೋಟಿನ ಮಟ್ಟ ಸರಿಯೇ, ಕಾರ್ಬುರೇಟರ್ ಎಂಜಿನ್ನಿಗೆ ಸೇರುವೆಡೆ ಗಾಳಿ ಸೋರುತ್ತಿದೆಯೇ? ಸೇರುವೆಯ ಮೇಲೆ ನೀರು ಚಿಮುಕಿಸಿದಾಗ ಎಂಜಿನ್ನಿನ ಸದ್ದು ಬದಲಾದರೆ ಕಳ್ಳ ಸಿಕ್ಕಂತೆ. ಕ್ರ್ಯಾಂಕಿನ ಆಯಿಲ್ ಸೀಲು ಸವೆದಿದ್ದರೂ ಇದೇ ರೋಗ. ಆಗ ಗಾಡಿ ನಿಂತಲ್ಲಿಯೇ ತಾನಾಗಿ ರೇಸ್ ಆಗುತ್ತದೆ. ಇದನ್ನು ಬಿಟ್ಟು ಜೆಟ್ಟು ಬದಲಿಸುವುದು ಮಾಡು ಸೋರುವಾಗ ನೆಲ ಒರೆಸಿದಂತೆ.

ಆಮೇಲಿನದು ಪ್ಲಗ್ಗಿನ ಸರದಿ. ವೈದ್ಯನಿಗೆ ನಾಲಗೆಯಿದ್ದಂತೆ ಮಿಸ್ತ್ರಿಗೆ ಪ್ಲಗ್ಗು. ಪೂರ್ಣ ವೇಗದಲ್ಲಿ ಓಡಿಸಿ, ಒಮ್ಮೆಲೇ ಎಂಜಿನ್ ಆರಿಸಿ, ಕ್ಲಚ್ ಹಿಡಿದು ನಿಲ್ಲಿಸಿ ಪ್ಲಗ್ಗನ್ನು ಬಿಚ್ಚಿದರೆ ಸತ್ಯ ಹೊರಬರುತ್ತದೆ. ಕಾಫಿಯ ಬಣ್ಣ ಕ್ಷೇಮ. ಮಸಿಗಪ್ಪು ಅತಿ ಪೆಟ್ರೋಲು. ಸುಣ್ಣದ ಬಿಳುಪು ಅಪಾಯ. ಮುಗ್ಗರಿಸುವಾಗ ಚೋಕನ್ನು ಕೊಂಚ ಹಾಕಿ ನೋಡುವುದೂ ಉಂಟು: ಓಟ ಸುಧಾರಿಸಿದರೆ ಪೆಟ್ರೋಲು ಸಾಲದು, ಕೆಟ್ಟರೆ ಹೆಚ್ಚಾಗಿದೆ.

ಯಾವಾಗ ಕೆಡುತ್ತದೆ ಎಂಬುದರಲ್ಲಿಯೇ ಎಲ್ಲಿ ಕೆಟ್ಟಿದೆ ಎಂಬುದಕ್ಕೆ ಉತ್ತರವಿದೆ. ಆಕ್ಸಿಲರೇಟರಿನ ಹಿಡಿಗೆ ಗುರುತುಗಳನ್ನು ಅಂಟಿಸಿಕೊಂಡರೆ ಸಾಕು. ಆರಂಭದ ಎಂಟನೆಯ ಒಂದು ತಿರುವಿನವರೆಗೆ ಆಡಳಿತ ಸ್ಲೋ ಜೆಟ್ಟಿನದು. ಅಲ್ಲಿಂದ ಕಾಲು ತಿರುವಿನವರೆಗೆ ಸ್ಲೈಡಿನ ಕೊರೆತದ್ದು. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್ಲಿನದು. ಮೇಲಿನದು ಮೇನ್ ಜೆಟ್ಟಿನದು. ನಡುವಿನ ತಿರುವಿನಲ್ಲಿ ಮಾತ್ರ ಗಾಡಿ ಎಳೆಯದಿದ್ದರೆ ಮೇನ್ ಜೆಟ್ಟನ್ನು ದೂರುವುದು ಅನ್ಯಾಯ. ನೀಡಲ್ಲಿನ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿದರೆ ನೀಡಲ್ ಮೇಲೇರಿ ಪೆಟ್ರೋಲು ಹೆಚ್ಚುತ್ತದೆ. ಇದೊಂದು ಅನೇಕರಿಗೆ ತಲೆಕೆಳಗಾಗಿ ತೋರುತ್ತದೆ.

ತಿದ್ದುವುದಾದರೂ ಒಂದು ಸಲಕ್ಕೆ ಒಂದನ್ನೇ. ಹಸ್ತಪ್ರತಿಯ ಒಂದೇ ಸಾಲಿನಲ್ಲಿ ನಾಲ್ಕು ಪದಗಳನ್ನು ಊಹೆಯಿಂದ ತಿದ್ದಿದ ಸಂಪಾದಕನಿಗೆ ಮೂಲಪಾಠ ಯಾವುದೆಂದು ತಿಳಿಯದೆ ಹೋಗುವಂತೆ, ಜೆಟ್ಟು, ನೀಡಲ್, ಟೈಮಿಂಗ್ ಎಲ್ಲವನ್ನೂ ಒಂದೇ ಸಂಜೆ ಕೆದಕಿದವನಿಗೆ ಗುಣವೂ ದೋಷವೂ ಎಲ್ಲಿಂದ ಬಂದುವೆಂಬುದು ತಿಳಿಯದು. ಮೊದಲು ದೊಡ್ಡ ಮೇನ್ ಜೆಟ್ಟಿನಿಂದ ಹೊರಟು, ಎಂಜಿನ್ ಗೊಗ್ಗರು ದನಿ ಬಿಡುವತನಕ ಮೆಲ್ಲನೆ ಚಿಕ್ಕದಕ್ಕಿಳಿಯುವುದು ಕ್ಷೇಮದ ಹಾದಿ. ಅತಿ ಪೆಟ್ರೋಲಿನಿಂದ ಪ್ಲಗ್ಗು ನೆನೆದೀತು. ಕೊರತೆಯಿಂದ ಪಿಸ್ಟನ್ನೇ ಹೋದೀತು.

ಈಚೆಗೆ ಹೊಸ ತೊಡಕೊಂದು ಸೇರಿದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತಿದೆ. ಎಥನಾಲಿಗೆ ಬೇಕಾದ ಗಾಳಿ ಒಂಬತ್ತು ಪಾಲು ಮಾತ್ರ. ಆದುದರಿಂದ ಏನನ್ನೂ ಮಾರ್ಪಡಿಸದ ಗಾಡಿಯಲ್ಲಿಯೂ ಹಳೆಯ ಜೆಟ್ಟು ಈಗ ತುಸು ತೆಳುವಾದ ಮಿಶ್ರಣವನ್ನೇ ಕೊಡುತ್ತದೆ. ಹಳೆಯ ರಬ್ಬರು ಭಾಗಗಳೂ ಬೇಗ ಕೆಡುತ್ತವೆ. 2018ರಲ್ಲಿ ಜಾವಾ ಎಂಬ ಹೆಸರಿನಲ್ಲಿ ಮರಳಿದ ಹೊಸ ವಾಹನ ಪೆಟ್ರೋಲನ್ನು ತಾನೇ ಅಳೆದುಕೊಳ್ಳುತ್ತದೆ, ಅದಕ್ಕೆ ಜೆಟ್ಟಿನ ಹಂಗಿಲ್ಲ. ಹಳೆಯದಕ್ಕೆ ಆ ಬುದ್ಧಿ ಇಲ್ಲ. ಮೈಸೂರಿನಲ್ಲಿ ಹದವಾಗಿದ್ದ ಗಾಡಿ ಉದಕಮಂಡಲದ 2200 ಮೀಟರ್ ಎತ್ತರಕ್ಕೇರಿದಾಗ ಗಾಳಿ ವಿರಳವಾಗಿ, ಅದೇ ಜೆಟ್ಟು ಅತಿಯಾಗಿ, ಪ್ಲಗ್ಗು ಮಸಿಯಾಗುತ್ತದೆ. ಅಲ್ಲಿ ಚಿಕ್ಕ ಜೆಟ್ಟು ಹಾಕಿಸಿಕೊಂಡವನು ಘಟ್ಟವಿಳಿದು ಬಂಡೀಪುರದ ಬಯಲಿಗೆ ಬರುವ ಮುನ್ನ ಹಳೆಯದನ್ನು ಮರಳಿ ಕೂಡಿಸಿಕೊಳ್ಳಬೇಕು.