ಸರಾಸರಿ ಧಾರಣೆಯ ಒಳಗುಟ್ಟು

ಪೇಟೆಗೆ ಮಾಲು ಒಯ್ಯುವ ಮುನ್ನ ಧಾರಣೆ ವಿಚಾರಿಸದ ರೈತನಿಲ್ಲ. ಆದರೆ "ಸರಾಸರಿ ಇಷ್ಟಿದೆಯಂತೆ" ಎಂಬ ಒಂದೇ ಮಾತು ನಂಬಿ ಚೀಲ ಹೇರಿದವರು ಮುಖ ಬಾಡಿಸಿಕೊಂಡು ಮರಳುವುದೂ ಉಂಟು. ದೋಷ ಯಾವಾಗಲೂ ದಲಾಲರದೇ ಅಲ್ಲ, ಲೆಕ್ಕದ್ದೂ ಇರಬಹುದು. ಸರಾಸರಿ ಏನನ್ನು ಹೇಳುತ್ತದೆ, ಏನನ್ನು ಮುಚ್ಚಿಡುತ್ತದೆ ಎಂಬುದನ್ನು ರೈತ ಬಾಂಧವರು ಅರಿತಿರುವುದು ಒಳ್ಳೆಯದು. ಕೂಡುವುದು, ಭಾಗಿಸುವುದು ಬಂದರೆ ಸಾಕು.

ಒಂಬತ್ತು ಲಾಟಿನ ಲೆಕ್ಕ

ಮೆಣಸಿನಕಾಯಿ ಪೇಟೆಯೊಂದರಲ್ಲಿ ಸಮ ತೂಕದ ಒಂಬತ್ತು ಲಾಟುಗಳು ಮಾರಾಟವಾದವು ಎಂದುಕೊಳ್ಳಿ. ಕ್ವಿಂಟಾಲಿಗೆ ಸಿಕ್ಕ ದರ ರೂಪಾಯಿಗಳಲ್ಲಿ ಹೀಗಿದೆ: 12,000, 14,000, 14,000, 14,000, 15,000, 16,000, 18,000, 22,000 ಮತ್ತು 55,000.

ಎಲ್ಲವನ್ನೂ ಕೂಡಿದರೆ 1,80,000. ಒಂಬತ್ತರಿಂದ ಭಾಗಿಸಿದರೆ 20,000. ಇದು ಸರಾಸರಿ. ಆದರೆ ಒಂಬತ್ತರಲ್ಲಿ ಏಳು ಲಾಟುಗಳಿಗೆ ಅಷ್ಟು ದರ ಸಿಕ್ಕಿಲ್ಲ! ಕೆಂಪು ಬಣ್ಣ ತುಂಬಿದ ಒಂದೇ ಲಾಟು ಇಡೀ ಸರಾಸರಿಯನ್ನು ಮೇಲಕ್ಕೆಳೆದಿದೆ.

ಈಗ ದರಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಟ್ಟನಡುವಿನದನ್ನು ನೋಡಿ. ಐದನೆಯದು 15,000. ಇದು ಮಧ್ಯಾಂಕ. ಅರ್ಧ ಮಂದಿ ಇದಕ್ಕಿಂತ ಕೆಳಗೆ, ಅರ್ಧ ಮಂದಿ ಮೇಲೆ. ಎಲ್ಲಕ್ಕಿಂತ ಹೆಚ್ಚು ಸಲ ಬಂದ ದರ 14,000. ಇದನ್ನು ಬಹುಲಕ ಎನ್ನುತ್ತಾರೆ. ಮಾರುಕಟ್ಟೆಯ ದೈನಿಕ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರಗಳಿರುತ್ತವಲ್ಲ, ಅದರಲ್ಲಿ ಮಾದರಿ ಎಂಬುದು ಈ ಬಗೆಯದು. ಹೆಚ್ಚಿನ ಮಾಲು ಮಾರಾಟವಾದ ದರ. ಸಾಧಾರಣ ಗುಣಮಟ್ಟದ ಮಾಲು ಇರುವವರು ಗರಿಷ್ಠ ದರದ ಕಡೆ ನೋಡದೆ ಮಾದರಿ ದರವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೊರಡಬೇಕು.

ರಾಶಿಯ ಆಕಾರ

ಅಂಕಿಗಳಿಗೂ ಕಣದ ರಾಶಿಯಂತೆ ಆಕಾರವಿದೆ. ಒಂದೇ ತಳಿಯ, ಒಂದೇ ಹದದ ಹೊಲದಲ್ಲಿ ಪೈರಿನ ಎತ್ತರ ಅಳೆದರೆ ಹೆಚ್ಚಿನವು ನಡುವಿನಲ್ಲಿ, ತೀರಾ ಗಿಡ್ಡ, ತೀರಾ ಎತ್ತರದವು ಎರಡೂ ಬದಿಗೆ ಸ್ವಲ್ಪ ಸ್ವಲ್ಪ. ಇಂಥ ಸಮರಾಶಿಯಲ್ಲಿ ಸರಾಸರಿ, ಮಧ್ಯಾಂಕ, ಬಹುಲಕ ಮೂರೂ ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತವೆ. ಅಲ್ಲಿ ಸರಾಸರಿಯನ್ನು ಧಾರಾಳವಾಗಿ ನಂಬಬಹುದು.

ಮೇಲಿನ ಮೆಣಸಿನಕಾಯಿ ದರ ಒಂದು ಬದಿಗೆ ಬಾಲ ಚಾಚಿದ ರಾಶಿ. ಬಾಲವಿರುವ ಕಡೆಗೆ ಸರಾಸರಿ ಜಾರುತ್ತದೆ; ಮಧ್ಯಾಂಕ ಅಷ್ಟಾಗಿ ಜಾರದು. ಇನ್ನು ಅರ್ಧ ನೀರಾವರಿ, ಅರ್ಧ ಖುಷ್ಕಿ ಇರುವ ಊರಿನ ಇಳುವರಿ ಎರಡು ಗುಡ್ಡೆಯ ರಾಶಿ. ಅದರ ಸರಾಸರಿ ಎರಡು ಗುಡ್ಡೆಗಳ ನಡುವಿನ ತಗ್ಗಿನಲ್ಲಿ ಬೀಳುತ್ತದೆ. ಅಷ್ಟು ಇಳುವರಿ ತೆಗೆದ ಒಬ್ಬ ರೈತನೂ ಆ ಊರಲ್ಲಿ ಇರಲಿಕ್ಕಿಲ್ಲ! ಅಲ್ಲಿ ಎರಡು ಲೆಕ್ಕ ಬೇರೆ ಬೇರೆ ಮಾಡುವುದೇ ಸರಿ.

ಮಳೆಯ ಲೆಕ್ಕ

ಮಳೆ ಸೊನ್ನೆಗಿಂತ ಕೆಳಗೆ ಇಳಿಯದು, ಮೇಲಕ್ಕೆ ಮಾತ್ರ ಮಿತಿಯಿಲ್ಲ. ಆದ್ದರಿಂದ ಒಣ ಸೀಮೆಯ ಒಂದು ತಿಂಗಳ ಮಳೆ ಸಾಮಾನ್ಯವಾಗಿ ಬಾಲವಿರುವ ರಾಶಿಯೇ. ಒಂದು ಊರಿನ ಏಳು ವರ್ಷದ ಜುಲೈ ಮಳೆ 40, 50, 60, 70, 80, 100, 230 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಸರಾಸರಿ 90, ಮಧ್ಯಾಂಕ 70. 90 ಮಿ.ಮೀ. ಬರುತ್ತದೆಂದು ನಂಬಿ ಬೆಳೆ ಆರಿಸಿದವನು ಏಳರಲ್ಲಿ ಐದು ವರ್ಷ ಆಕಾಶ ನೋಡಬೇಕಾಗುತ್ತದೆ. ಬೆಳೆ ಆಯ್ಕೆಗೆ ಮಧ್ಯಾಂಕವನ್ನು, ಅದಕ್ಕೂ ಕೆಳಗಿನ ವರ್ಷಗಳನ್ನು ನೋಡುವುದು ಕ್ಷೇಮ.

ವಿಮೆಯಲ್ಲಿ ಸರಾಸರಿ

2016ರ ಮುಂಗಾರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲೂ ಸರಾಸರಿಯೇ ಆಧಾರ. ಹಿಂದಿನ ಏಳು ವರ್ಷಗಳಲ್ಲಿ ಉತ್ತಮವಾದ ಐದು ವರ್ಷಗಳ ಇಳುವರಿಯ ಸರಾಸರಿ ತೆಗೆದು, ಅದರ ಶೇ. 70, 80 ಅಥವಾ 90ನ್ನು ಹೊಸ್ತಿಲ ಇಳುವರಿ ಎಂದು ಗೊತ್ತುಮಾಡುತ್ತಾರೆ. ಹೆಕ್ಟೇರಿಗೆ 4, 7, 14, 15, 16, 17, 18 ಕ್ವಿಂಟಾಲ್ ಬಂದಿದ್ದರೆ, ಬರದ ಎರಡು ವರ್ಷ ಬಿಟ್ಟು ಸರಾಸರಿ 16. ಶೇ. 80ರಂತೆ ಹೊಸ್ತಿಲು 12.8. ಏಳೂ ವರ್ಷ ಸೇರಿಸಿದ್ದರೆ ಸರಾಸರಿ 13ಕ್ಕೇ ಇಳಿದು, ಹೊಸ್ತಿಲೂ ತಗ್ಗುತ್ತಿತ್ತು. ಕೆಟ್ಟ ವರ್ಷ ಬಿಡುವುದು ರೈತನಿಗೆ ಅನುಕೂಲ.

ಈ ಸಲ ವಿಮಾ ಘಟಕದ ಸರಾಸರಿ 9.6 ಆದರೆ ಕೊರತೆ 3.2, ಅಂದರೆ ಹೊಸ್ತಿಲಿನ ಕಾಲುಭಾಗ. ವಿಮಾ ಮೊತ್ತದ ಶೇ. 25 ಪರಿಹಾರ. ಆದರೆ ಘಟಕದ ಸರಾಸರಿ 13 ಬಂದರೆ, ನಿಮ್ಮ ಹೊಲದಲ್ಲಿ ಬರೇ 3 ಕ್ವಿಂಟಾಲ್ ಬಂದಿದ್ದರೂ ಈ ಲೆಕ್ಕದಲ್ಲಿ ಪರಿಹಾರವಿಲ್ಲ. ಆಲಿಕಲ್ಲು, ನೆರೆಯಂಥ ಸ್ಥಳೀಯ ಹಾನಿಗೆ ಮಾತ್ರ ಪ್ರತ್ಯೇಕ ನಿಯಮವಿದ್ದು, 72 ಗಂಟೆಯೊಳಗೆ ತಿಳಿಸಬೇಕು.

ಹಾಗಾದರೆ ಸರಾಸರಿ ಬೇಡವೇ?

ಬೇಕು. ಒಟ್ಟು ಮೊತ್ತದ ಲೆಕ್ಕಕ್ಕೆ ಅದೇ ಗತಿ. ಹತ್ತು ವರ್ಷದ ಸರಾಸರಿ ಆದಾಯವನ್ನು ಹತ್ತರಿಂದ ಗುಣಿಸಿದರೆ ಒಟ್ಟು ಆದಾಯ ಬರುತ್ತದೆ. ಮಧ್ಯಾಂಕದಿಂದ ಹಾಗೆ ಬಾರದು. ದೀರ್ಘ ಕಾಲದ ಸಾಲ ತೀರಿಸುವ ಶಕ್ತಿ ಅಳೆಯಲು ಸರಾಸರಿ, ಈ ವರ್ಷ ಏನು ನಿರೀಕ್ಷಿಸಬಹುದೆಂದು ತಿಳಿಯಲು ಮಧ್ಯಾಂಕ, ಪೇಟೆಗೆ ಹೊರಡಲು ಮಾದರಿ ದರ. ಇಷ್ಟು ನೆನಪಿಡಿ.

ಮನೆಯಲ್ಲಿ ಒಂದು ನೋಟುಬುಕ್ಕಿಡಿ. ವರ್ಷವರ್ಷದ ಮಳೆ, ಎಕರೆವಾರು ಇಳುವರಿ, ಮಾರಿದ ದರ ಮೂರನ್ನೂ ಬರೆಯುತ್ತ ಬನ್ನಿ. ಐದಾರು ವರ್ಷ ಕಳೆದ ಮೇಲೆ ಶಾಲೆಗೆ ಹೋಗುವ ಮಕ್ಕಳನ್ನು ಕೂರಿಸಿ ಮಧ್ಯಾಂಕ ತೆಗೆಸಿ. ಊರಿನ ಸರಾಸರಿಗಿಂತ ನಿಮ್ಮ ಹೊಲದ ಲೆಕ್ಕ ನಿಮಗೆ ಹೆಚ್ಚು ದಾರಿ ತೋರಿಸುತ್ತದೆ.